ಮನೆಯಲ್ಲಿ ಹವಳದ ಟ್ಯಾಂಕ್: ಮೊದಲ ಬಕೆಟ್ ನೀರಿನಿಂದ ಮೊದಲ ವರ್ಷದವರೆಗೆ

ನನ್ನ ಮೊದಲ ರೀಫ್ ಟ್ಯಾಂಕ್, ಅಂದರೆ ಉಪ್ಪುನೀರಿನಲ್ಲಿ ಹವಳ ಸಾಕುವ ಟ್ಯಾಂಕ್, ಹಾಳಾದದ್ದು ಯಾವ ರೋಗದಿಂದಲೂ ಅಲ್ಲ. ದಿನಾ ಬೆಳಿಗ್ಗೆ ನಾನೇ ಒಂದೂವರೆ ಲೀಟರ್ ಉಪ್ಪುನೀರು ಸುರಿದು ಹಾಳು ಮಾಡಿದ್ದೆ. 150 ಲೀಟರಿನ ಟ್ಯಾಂಕ್. ಅಷ್ಟು ನೀರು ದಿನಕ್ಕೆ ಆವಿಯಾಗುತ್ತಿತ್ತು. ಸಮುದ್ರದ ಟ್ಯಾಂಕ್ ಅಲ್ವಾ, ಉಪ್ಪುನೀರೇ ತುಂಬಬೇಕು ಅಂದುಕೊಂಡಿದ್ದೆ. ಆದರೆ ಆವಿಯಾಗಿ ಹೋಗುವುದು ಬರೀ ನೀರು. ಉಪ್ಪು ಒಳಗೇ ಉಳಿಯುತ್ತದೆ. ಮೂರು ವಾರದಲ್ಲಿ ಉಪ್ಪಿನಂಶ ಸಾವಿರಕ್ಕೆ 35ರಿಂದ 42ಕ್ಕೆ ಏರಿತ್ತು. ಹವಳಗಳು ಒಂದೊಂದಾಗಿ ಮುದುಡಿಕೊಂಡವು. ನಾನು ಲೈಟ್ ಬದಲಿಸಿದೆ, ಪಂಪ್ ಬದಲಿಸಿದೆ, ಯಾವುದೋ ಔಷಧಿಯನ್ನೂ ಹಾಕಿದೆ. ಉಪ್ಪನ್ನು ಮಾತ್ರ ಅಳೆಯಲಿಲ್ಲ.

ಅದಕ್ಕೇ ಈ ಬರಹದಲ್ಲಿ ಮೀನು, ಹವಳದ ಮಾತು ತಡವಾಗಿ ಬರುತ್ತದೆ. ಮೊದಲ ಎರಡು ತಿಂಗಳು ನೀವು ಸಾಕುವುದು ನೀರನ್ನು. ಸಮುದ್ರದಲ್ಲಿ ಹವಳದ ಸುತ್ತ ಉಪ್ಪು, ಬಿಸಿ, ಕ್ಷಾರ ಯಾವುದೂ ದಿಢೀರ್ ಬದಲಾಗುವುದಿಲ್ಲ. ಒಂದು ಗಾಜಿನ ಪೆಟ್ಟಿಗೆಯಲ್ಲಿ ಎಲ್ಲವೂ ಬದಲಾಗುತ್ತಲೇ ಇರುತ್ತದೆ. ಆ ಬದಲಾವಣೆಯನ್ನು ನಿಧಾನ ಮಾಡುವುದಕ್ಕಾಗಿಯೇ ಮುಂದಿನ ಕೆಲಸಗಳೆಲ್ಲ.

## ಎಷ್ಟು ದೊಡ್ಡದು, ಎಲ್ಲಿ

ಸಣ್ಣ ಟ್ಯಾಂಕ್ ಸುಲಭ ಅಂತ ಅನಿಸುತ್ತದೆ. ನಿಜ ಅದಕ್ಕೆ ಉಲ್ಟಾ. 30 ಲೀಟರಿನ ಟ್ಯಾಂಕ್‌ನಲ್ಲಿ ಒಂದು ಬಸವನಹುಳು ಸತ್ತು ಕೊಳೆತರೆ ಸಾಕು, ಬೆಳಗಾಗುವಷ್ಟರಲ್ಲಿ ನೀರು ಕೆಟ್ಟಿರುತ್ತದೆ. ಅದೇ ಹುಳು 200 ಲೀಟರಿನಲ್ಲಿ ಸತ್ತರೆ ನಿಮಗೆ ಗೊತ್ತೂ ಆಗುವುದಿಲ್ಲ. ಮೊದಲ ಸಲ ಮಾಡುವವರಿಗೆ 150ರಿಂದ 250 ಲೀಟರ್ ಒಳ್ಳೆಯ ಅಳತೆ. ಅದಕ್ಕಿಂತ ದೊಡ್ಡದಾದರೆ ನೀರು ಬದಲಿಸುವ ದಿನ ಸೊಂಟ ಮಾತಾಡುತ್ತದೆ.

ತೂಕದ ಲೆಕ್ಕ ಹಾಕಿ. 200 ಲೀಟರ್ ಸಮುದ್ರದ ನೀರೇ 205 ಕೆಜಿ. ಗಾಜು, ಕಲ್ಲು, ಮರಳು, ಸ್ಟ್ಯಾಂಡ್ ಸೇರಿದರೆ ಸುಲಭವಾಗಿ 300 ಕೆಜಿ. ಗಟ್ಟಿ ನೆಲ ಬೇಕು. ಮಾಮೂಲಿ ಟೇಬಲ್ ಮೇಲೆ ಇಡುವ ಯೋಚನೆ ಬೇಡ. ಗಾರೆಯವರು ಬಳಸುವ ರಸಮಟ್ಟ ಇಟ್ಟು ನಾಲ್ಕೂ ಕಡೆ ಸಮ ಇದೆಯಾ ನೋಡಿ. ಓರೆ ನಿಂತ ಟ್ಯಾಂಕ್‌ನಲ್ಲಿ ನೀರಿನ ಒತ್ತಡ ಒಂದೇ ಮೂಲೆಯ ಅಂಟಿನ ಮೇಲೆ ಬೀಳುತ್ತದೆ. ನೇರ ಬಿಸಿಲು ಬೀಳುವ ಕಿಟಕಿಯ ಪಕ್ಕ ಬೇಡ. ನಲ್ಲಿ ಮತ್ತು ಬಚ್ಚಲು ಹತ್ತಿರ ಇದ್ದರೆ ವರ್ಷಗಟ್ಟಲೆ ನಿಮ್ಮನ್ನು ನೀವೇ ಹರಸಿಕೊಳ್ಳುತ್ತೀರಿ.

ಕರೆಂಟ್ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಟ್ಯಾಂಕ್‌ನ ಲೈನಿಗೆ 30 ಮಿಲಿಆಂಪಿಯರ್‌ಗೆ ಟ್ರಿಪ್ ಆಗುವ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್, ಹಾಕಿಸಿ. ಪ್ರತಿ ವಯರೂ ಪ್ಲಗ್‌ಗಿಂತ ಕೆಳಗೆ ಜೋತು ಬಿದ್ದು ಮತ್ತೆ ಮೇಲಕ್ಕೆ ಹೋಗುವಂತೆ ಇರಲಿ. ವಯರ್ ಹಿಡಿದು ಇಳಿದು ಬಂದ ಹನಿ ಆ ತಗ್ಗಿನಲ್ಲೇ ನೆಲಕ್ಕೆ ಬೀಳುತ್ತದೆ, ಪ್ಲಗ್ ಒಳಗೆ ಹೋಗುವುದಿಲ್ಲ.

## ಯಾವ ಸಾಮಾನು ಬೇಕು, ಯಾವುದು ಬೇಡ

ಅಂಗಡಿಗೆ ಹೋದರೆ ನೂರು ಸಾಮಾನು ತೋರಿಸುತ್ತಾರೆ. ನಿಜವಾಗಿ ಬೇಕಾದವು ಕೆಲವೇ.

ಲೈಟ್. ಹವಳ ಒಂದು ಪ್ರಾಣಿ. ಆದರೆ ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸಿಸುತ್ತದೆ. ಆ ಪಾಚಿ ಬೆಳಕಿನಿಂದ ಆಹಾರ ಮಾಡಿ ಹವಳಕ್ಕೂ ಕೊಡುತ್ತದೆ. ಆದ್ದರಿಂದ ಇಲ್ಲಿ ಲೈಟ್ ಅಂದರೆ ಊಟ. ನೀಲಿ ಬೆಳಕು ಜಾಸ್ತಿ ಇರುವ, ಹೆಚ್ಚು ಕಡಿಮೆ ಮಾಡಲು ಬರುವ ರೀಫ್ ಎಲ್‌ಇಡಿ ತೆಗೆದುಕೊಳ್ಳಿ. ಬೆಳಕಿನ ಬಲವನ್ನು 'ಪಾರ್' ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಮೆತ್ತನೆಯ ಹವಳಗಳಿಗೆ 50ರಿಂದ 100 ಸಾಕು. ದೊಡ್ಡ ಬಾಯಿಯ ಕಲ್ಲು ಹವಳಗಳಿಗೆ 75ರಿಂದ 150. ಅಕ್ರೊಪೋರದಂಥ ಸಣ್ಣ ಬಾಯಿಯ ಕಲ್ಲು ಹವಳಗಳು 200ರಿಂದ 350 ಕೇಳುತ್ತವೆ.

ನೀರಿನ ಓಡಾಟ. ಹವಳ ನಡೆದು ಹೋಗಿ ತಿನ್ನಲಾರದು, ಹೇಲನ್ನು ದೂರ ಹಾಕಿ ಬರಲಾರದು. ಎರಡೂ ಕೆಲಸ ನೀರಿನದೇ. ಟ್ಯಾಂಕ್ ಎಷ್ಟು ಲೀಟರ್ ಇದೆಯೋ ಅದರ 20ರಿಂದ 30 ಪಟ್ಟು ನೀರನ್ನು ಗಂಟೆಗೆ ತಳ್ಳುವ ವೇವ್‌ಮೇಕರ್ ಬೇಕು. 150 ಲೀಟರಿಗೆ ಅದು ಗಂಟೆಗೆ 3000ದಿಂದ 4500 ಲೀಟರ್. ಒಂದೇ ದೊಡ್ಡ ಪಂಪ್‌ಗಿಂತ ಎದುರು ಬದುರು ಇಟ್ಟ ಎರಡು ಸಣ್ಣವು ಮೇಲು. ಒಂದು ಕೆಟ್ಟರೂ ಇನ್ನೊಂದು ಓಡುತ್ತಿರುತ್ತದೆ.

ಹೀಟರ್‌ಗೂ ಇದೇ ಮಾತು. ಹೀಟರ್ ಕೆಟ್ಟು ಆಫ್ ಆದರೆ ಟ್ಯಾಂಕ್ ಮೆಲ್ಲಗೆ ತಣ್ಣಗಾಗುತ್ತದೆ, ಸರಿಮಾಡಲು ಸಮಯ ಇರುತ್ತದೆ. ಆನ್ ಆಗಿಯೇ ಕಚ್ಚಿಕೊಂಡರೆ ಮೀನಿನ ಸಾರು. ಎರಡು ಸಣ್ಣ ಹೀಟರ್ ಇಟ್ಟು ಪ್ರತ್ಯೇಕ ಥರ್ಮೋಸ್ಟಾಟ್ ಕಂಟ್ರೋಲರ್‌ಗೆ ಜೋಡಿಸಿ. ಸೆಕೆ ಜಾಸ್ತಿ ಇರುವ ಕಡೆ ಸಮಸ್ಯೆ ತಿರುಗುಮುರುಗು. ಅಲ್ಲಿ ನೀರಿನ ಮೇಲ್ಮೈಗೆ ಗಾಳಿ ಬೀಸುವ ಸಣ್ಣ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸುತ್ತದೆ. ಅದಕ್ಕೂ ಬಗ್ಗದಿದ್ದರೆ ಮಾತ್ರ ನೀರು ತಣ್ಣಗೆ ಮಾಡುವ ಚಿಲ್ಲರ್.

ಪ್ರೋಟೀನ್ ಸ್ಕಿಮ್ಮರ್ ಸಣ್ಣ ಗುಳ್ಳೆಗಳಿಂದ ನೊರೆ ಎಬ್ಬಿಸಿ ಕೊಳೆಯನ್ನು ಮೇಲಿನ ಬಟ್ಟಲಿಗೆ ತರುತ್ತದೆ. ಹೊಸದು ಮೊದಲ ಒಂದೆರಡು ವಾರ ಹುಚ್ಚುಚ್ಚಾಗಿ ಆಡುತ್ತದೆ. ಬಿಟ್ಟುಬಿಡಿ, ತಾನೇ ಹದಕ್ಕೆ ಬರುತ್ತದೆ. ಕೆಳಗೆ ಸಂಪ್, ಅಂದರೆ ಪೈಪ್‌ನಿಂದ ಜೋಡಿಸಿದ ಇನ್ನೊಂದು ತೊಟ್ಟಿ, ಇಟ್ಟರೆ ಸ್ಕಿಮ್ಮರ್, ಹೀಟರ್ ಎಲ್ಲ ಅಲ್ಲಿ ಅಡಗುತ್ತವೆ. ಆಗ ಮುಖ್ಯ ಪಂಪ್ ನಿಂತರೆ ಮೇಲಿನಿಂದ ಇಳಿಯುವ ನೀರಿಗೆ ಸಂಪ್‌ನಲ್ಲಿ ಜಾಗ ಉಳಿದಿರಲೇಬೇಕು. ಮೊದಲ ದಿನವೇ ಪಂಪ್ ನಿಲ್ಲಿಸಿ ಪರೀಕ್ಷೆ ಮಾಡಿ. ಇಲ್ಲದಿದ್ದರೆ ಕರೆಂಟ್ ಹೋದ ರಾತ್ರಿ ಆ ಪರೀಕ್ಷೆ ತಾನಾಗಿಯೇ ನಡೆಯುತ್ತದೆ, ನಿಮ್ಮ ನೆಲದ ಮೇಲೆ.

ನನ್ನ ಕತೆ ಕೇಳಿದಿರಲ್ಲ, ಹಾಗಾಗಿ ಇನ್ನೆರಡನ್ನು ಒತ್ತಿ ಹೇಳುತ್ತೇನೆ. ಒಂದು, ಆವಿಯಾದಷ್ಟು ಸಿಹಿನೀರನ್ನು ತಾನೇ ತುಂಬುವ ಆಟೋ ಟಾಪ್ ಆಫ್. ಇನ್ನೊಂದು, ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್. ಲೈಟಿನ ದುಡ್ಡು ಸ್ವಲ್ಪ ಕಡಿಮೆ ಮಾಡಿಯಾದರೂ ಇವನ್ನು ಕೊಳ್ಳಿ. ರಿಫ್ರ್ಯಾಕ್ಟೋಮೀಟರನ್ನು ಬರೀ ನೀರಿನಿಂದ ಸೊನ್ನೆಗೆ ಹೊಂದಿಸಿದರೆ 35ರ ಹತ್ತಿರ ಸುಳ್ಳು ಹೇಳಬಹುದು. ಸಾವಿರಕ್ಕೆ 35 ಉಪ್ಪಿರುವ ಕ್ಯಾಲಿಬ್ರೇಶನ್ ದ್ರಾವಣ ಸಿಗುತ್ತದೆ. ಅದರಿಂದಲೇ ಹೊಂದಿಸಿ.

## ಸಮುದ್ರವನ್ನು ಬಕೆಟ್‌ನಲ್ಲಿ ಕಲೆಸುವುದು

ನಲ್ಲಿ ನೀರು, ಬೋರ್ ನೀರು ಎರಡೂ ಬೇಡ. ಕುಡಿಯಲು ಒಳ್ಳೆಯದಿರಬಹುದು. ಆದರೆ ಕ್ಲೋರಿನ್, ನೈಟ್ರೇಟ್, ಫಾಸ್ಫೇಟ್, ತಾಮ್ರ ಇದರಲ್ಲಿ ಯಾವುದಾದರೂ ಇದ್ದೇ ಇರುತ್ತದೆ. ತಾಮ್ರ ಚೂರೇ ಇದ್ದರೂ ಸಿಗಡಿ, ಬಸವನಹುಳು, ಹವಳಗಳಿಗೆ ವಿಷ. ಆರ್‌ಒ ಆದ ಮೇಲೆ, ಉಳಿದ ಲವಣಗಳನ್ನೂ ಹಿಡಿಯುವ ಡಿಐ ರೆಸಿನ್ ದಾಟಿ ಬಂದ ನೀರು ಬೇಕು. ನೀರಿನಲ್ಲಿ ಕರಗಿರುವುದನ್ನು ಅಳೆಯುವ ಟಿಡಿಎಸ್ ಮೀಟರ್ 0 ತೋರಿಸಬೇಕು. ಮನೆಯ ಕುಡಿಯುವ ನೀರಿನ ಆರ್‌ಒ ಇದ್ದರೆ ಅದು ಅರ್ಧ ದಾರಿ ಅಷ್ಟೇ. ಅದರಲ್ಲಿ ಕೆಲವು ರುಚಿಗೆಂದು ಖನಿಜಗಳನ್ನು ವಾಪಸ್ ಸೇರಿಸುತ್ತವೆ.

ಅಡುಗೆ ಉಪ್ಪು ಇಲ್ಲಿ ಕೆಲಸಕ್ಕೆ ಬಾರದು. ಸಮುದ್ರದ ನೀರಿನಲ್ಲಿ ಸೋಡಿಯಂ ಕ್ಲೋರೈಡ್ ಜೊತೆಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಕಾರ್ಬೊನೇಟ್ ಎಲ್ಲ ಇವೆ. ಅವನ್ನು ಸರಿಯಾದ ಪಾಲಿನಲ್ಲಿ ಬೆರೆಸಿದ ರೀಫ್ ಸಾಲ್ಟ್ ಕೊಳ್ಳಿ. 100 ಲೀಟರಿಗೆ ಸುಮಾರು ಮೂರೂವರೆಯಿಂದ ನಾಲ್ಕು ಕೆಜಿ ಹಿಡಿಯುತ್ತದೆ.

ಕಲೆಸುವ ಕ್ರಮ ಮುಖ್ಯ.

1. ಶುದ್ಧ ಡ್ರಮ್ಮಿಗೆ ಮೊದಲು ನೀರು ತುಂಬಿ. ಪಂಪ್ ಓಡಲಿ. ನೀರು ಸುಮಾರು 25 ಡಿಗ್ರಿ ಇರಲಿ.
2. ಉಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸಿ. ಮೊದಲು ಉಪ್ಪು ಹಾಕಿ ಮೇಲೆ ನೀರು ಬಿಡಬಾರದು. ತಳದಲ್ಲಿ ನೀರು ವಿಪರೀತ ಗಟ್ಟಿಯಾಗಿ ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ತಿರುಗಿಸಿದರೂ ಕರಗದು.
3. ನೀರು ತಿಳಿಯಾಗುವವರೆಗೆ ಓಡಿಸಿ, ಅಳೆಯಿರಿ. ಸಾಪೇಕ್ಷ ಸಾಂದ್ರತೆ 1.025ರಿಂದ 1.026, ಅಂದರೆ ಉಪ್ಪು ಸಾವಿರಕ್ಕೆ 35ರ ಆಸುಪಾಸು ಬಂದರೆ ಸರಿ.

ಪ್ರಾಣಿಗಳು ಇರುವ ಟ್ಯಾಂಕಿಗೆ ನೇರವಾಗಿ ಉಪ್ಪಿನ ಪುಡಿ ಸುರಿಯಬೇಡಿ. ಹವಳದ ಮೇಲೆ ಬಿದ್ದ ಹರಳು ಅಲ್ಲೇ ಸುಡುತ್ತದೆ.

## ಕಲ್ಲು ಮತ್ತು ಮರಳು

ಈ ಹವ್ಯಾಸದಲ್ಲಿ ನಿಜವಾದ ಫಿಲ್ಟರ್ ಕಲ್ಲು. ಅದರ ಸಾವಿರಾರು ಸಣ್ಣ ತೂತುಗಳಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ. ಇಂಡೋನೇಷ್ಯಾದ ಲೀ ಚಿನ್ ಎಂಗ್ 1961ರಲ್ಲೇ ಇದನ್ನು ಬರೆದು ತೋರಿಸಿದ್ದರು. ಸಮುದ್ರದ ಜೀವಂತ ಕಲ್ಲು ಮತ್ತು ಗಾಳಿಯ ಗುಳ್ಳೆ, ಇಷ್ಟರಲ್ಲೇ ಅವರು ಹವಳ ಸಾಕಿದ್ದರು. ಆ ಕಾಲದವರು ಪೂರ್ತಿ ನಂಬಲಿಲ್ಲ. ಈಗ ನಾವೆಲ್ಲ ಮಾಡುತ್ತಿರುವುದು ಹೆಚ್ಚುಕಡಿಮೆ ಅದನ್ನೇ.

ಸಮುದ್ರದಿಂದ ಕಿತ್ತ ಕಲ್ಲಿನ ಬದಲು ಒಣ ಕಲ್ಲು ಕೊಳ್ಳಿ. ಬೇಡದ ಏಡಿ, ಹುಳು, ಗಾಜಿನ ಅನಿಮೋನಿ (ಹೂವಿನಂತೆ ಕಾಣುವ, ಕುಟುಕುವ ಪ್ರಾಣಿ) ಜೊತೆಗೆ ಬರುವುದಿಲ್ಲ. ಸಮುದ್ರಕ್ಕೂ ನಷ್ಟವಿಲ್ಲ. ಒಂದೇ ತೊಂದರೆ ಅಂದರೆ ಬ್ಯಾಕ್ಟೀರಿಯಾ ಬೆಳೆಯಲು ಸ್ವಲ್ಪ ಜಾಸ್ತಿ ಸಮಯ ಹಿಡಿಯುತ್ತದೆ. 100 ಲೀಟರಿಗೆ ಹತ್ತು ಕೆಜಿ ಅನ್ನುವುದು ಹಳೆಯ ಲೆಕ್ಕ. ತೂತು ಜಾಸ್ತಿ ಇರುವ ಹಗುರ ಕಲ್ಲಾದರೆ ಕಡಿಮೆ ಸಾಕು.

ಕಲ್ಲನ್ನು ಮೊದಲು ಗಾಜಿನ ತಳದ ಮೇಲೆ ಗಟ್ಟಿಯಾಗಿ ಕೂರಿಸಿ, ಆಮೇಲೆ ಮರಳು ಹಾಕಿ. ಮರಳಿನ ಮೇಲೆ ಕಲ್ಲಿಟ್ಟರೆ ಮೀನು ಕೆಳಗೆ ಬಿಲ ತೋಡುತ್ತದೆ, ಒಂದು ದಿನ ಕಲ್ಲು ಜಾರಿ ಗಾಜಿಗೆ ಬೀಳುತ್ತದೆ. ಗೋಡೆ ಕಟ್ಟಿದ ಹಾಗೆ ಹಿಂಬದಿಗೆ ಪೇರಿಸಬೇಡಿ. ಹಿಂದೆ ಕೊಳೆ ನಿಲ್ಲುತ್ತದೆ. ಸುತ್ತಲೂ ಮ್ಯಾಗ್ನೆಟ್ ಕ್ಲೀನರ್ ಆಡುವಷ್ಟು ಜಾಗ ಬಿಡಿ. ಮರಳು ಅರಗೊನೈಟ್, ಅಂದರೆ ಸುಣ್ಣದ ಅಂಶದ್ದು ಇರಲಿ, ಒಂದೆರಡು ಮಿಲಿಮೀಟರ್ ಕಾಳು, ಮೂರು ನಾಲ್ಕು ಸೆಂಟಿಮೀಟರ್ ದಪ್ಪ ಸಾಕು.

## ಖಾಲಿ ಟ್ಯಾಂಕ್ ನೋಡುತ್ತಾ ಕೂರುವ ಕಾಲ

ಎಲ್ಲ ತುಂಬಿ, ಪಂಪ್ ಓಡಿಸಿ, ಲೈಟ್ ಹಾಕಿದಾಗ ಕೈ ತುರಿಸುತ್ತದೆ. ನಾಳೆಯೇ ಎರಡು ಮೀನು ತಂದರೆ ಏನು ಅಂತ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವ ಮಾತು ಹುಟ್ಟಿದ್ದೇ ಇಂಥವರನ್ನು ನೋಡಿ ಇರಬೇಕು.

ಮೀನಿನ ಕಿವಿರು ಮತ್ತು ಹೇಲಿನಿಂದ ಅಮೋನಿಯಾ ಬರುತ್ತದೆ. ಅದು ವಿಷ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಈ ಎರಡೂ ಗುಂಪು ಕಲ್ಲಿನಲ್ಲಿ ಬೆಳೆದು ನಿಲ್ಲುವುದಕ್ಕೆ ಸೈಕಲ್ ಅನ್ನುತ್ತಾರೆ. ಒಣ ಕಲ್ಲಾದರೆ ಮೂರರಿಂದ ಆರು ವಾರ. ಬಾಟಲಿ ಬ್ಯಾಕ್ಟೀರಿಯಾ ಹಾಕಿದರೆ ಬೇಗ ಆಗಬಹುದು.

ಮಾಡುವುದು ಹೀಗೆ. ಸೋಪು, ವಾಸನೆ ಏನೂ ಬೆರೆಸದ ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾವನ್ನು 2 ಪಿಪಿಎಂಗೆ, ಅಂದರೆ ಹತ್ತು ಲಕ್ಷ ಪಾಲಿಗೆ ಎರಡು ಪಾಲಿಗೆ ತನ್ನಿ. ಲೈಟ್ ಆಫ್ ಇರಲಿ, ಪಾಚಿಗೆ ಸುಮ್ನೆ ಯಾಕೆ ಊಟ ಹಾಕುವುದು. ಎರಡು ದಿನಕ್ಕೊಮ್ಮೆ ಅಳೆದು ಬರೆದಿಡಿ. ಮೊದಲು ಅಮೋನಿಯಾ ಇಳಿಯುತ್ತದೆ, ನೈಟ್ರೈಟ್ ಏರುತ್ತದೆ. ಆಮೇಲೆ ನೈಟ್ರೈಟೂ ಇಳಿಯುತ್ತದೆ. ಕೊನೆಗೆ 2 ಪಿಪಿಎಂ ಹಾಕಿ 24 ಗಂಟೆ ಬಿಟ್ಟು ನೋಡಿದಾಗ ಎರಡೂ ಸೊನ್ನೆ ಇದ್ದರೆ ಸೈಕಲ್ ಮುಗಿಯಿತು. ದೊಡ್ಡದಾಗಿ ನೀರು ಬದಲಿಸಿ ನೈಟ್ರೇಟ್ ಇಳಿಸಿ. ಬಡಪಾಯಿ ಮೀನೊಂದನ್ನು ಬಿಟ್ಟು ಸೈಕಲ್ ಮಾಡುವ ಹಳೆಯ ರೂಢಿ ಈಗಲೂ ಕೆಲವರಲ್ಲಿದೆ. ಅದು ಹಿಂಸೆ, ಅಗತ್ಯವೂ ಇಲ್ಲ.

## ಟ್ಯಾಂಕ್ ಕುರೂಪವಾಗುವ ತಿಂಗಳುಗಳು

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಸೈಕಲ್ ಮುಗಿದ ಮೇಲೆ ಟ್ಯಾಂಕ್ ಚೆಂದ ಆಗುವುದಿಲ್ಲ, ಗಲೀಜಾಗುತ್ತದೆ. ಮೊದಲು ಮರಳಿನ ಮೇಲೆ ಕಂದು ಪುಡಿ ಹರಡುತ್ತದೆ. ಅದು ಡಯಾಟಮ್. ನೀರಿನ ಸಿಲಿಕೇಟ್ ಮುಗಿದಾಗ ತಾನೇ ಹೋಗುತ್ತದೆ. ಆಮೇಲೆ ಹಸಿರು ಕೂದಲು ಪಾಚಿ. ಕೆಲವೊಮ್ಮೆ ಕೆಂಪು ಲೋಳೆ ಚಾದರದಂತೆ ಕೂರುತ್ತದೆ. ಅದು ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ. ನೀರು ಓಡದ ಮೂಲೆಯಲ್ಲಿ ಜಾಸ್ತಿ.

ಈ ಹಂತದಲ್ಲಿ ಹೆಚ್ಚಿನವರು ಹೆದರಿ ಬಾಟಲಿ ಮೇಲೆ ಬಾಟಲಿ ಸುರಿಯುತ್ತಾರೆ. ಕೈಯಿಂದ ಕೀಳಿ, ನೀರು ಬದಲಿಸುವಾಗ ಪೈಪ್‌ನಿಂದ ಎಳೆಯಿರಿ, ಬಸವನಹುಳುಗಳನ್ನು ತನ್ನಿ. ಟ್ರೋಕಸ್ ನನಗೆ ಇಷ್ಟ. ಮಗುಚಿ ಬಿದ್ದರೂ ತಾನೇ ಎದ್ದುಕೊಳ್ಳುತ್ತದೆ. ಬೇರೆ ಕೆಲವನ್ನು ನೀವೇ ಎತ್ತಿ ಕೂರಿಸಬೇಕು. ಮರಳಿಗೆ ನಸ್ಸೇರಿಯಸ್. ಒಂದೇ ಸಲ ಐವತ್ತು ತರಬೇಡಿ, ಪಾಚಿ ಮುಗಿದ ವಾರ ಅವು ಉಪವಾಸ ಸಾಯುತ್ತವೆ.

ಇನ್ನೊಂದು ತಪ್ಪು ಜಾಣರೇ ಮಾಡುವಂಥದ್ದು. ಪಾಚಿ ಬೇಡ ಅಂತ ಫಾಸ್ಫೇಟ್, ನೈಟ್ರೇಟ್ ಎರಡನ್ನೂ ಸೊನ್ನೆಗೆ ಇಳಿಸುವುದು. ಹಾಗೆ ಬರಡಾದ ನೀರಿನಲ್ಲಿ ಡೈನೊಫ್ಲಾಜೆಲೇಟ್ ಅನ್ನುವ ಕಂದು ಲೋಳೆ ಗುಳ್ಳೆ ಕಟ್ಟಿಕೊಂಡು ಏಳುತ್ತದೆ. ಅದರ ಮುಂದೆ ಕೂದಲು ಪಾಚಿ ಎಷ್ಟೋ ವಾಸಿ. ನೈಟ್ರೇಟ್ 5ರಿಂದ 15 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇರಲಿ. ಹವಳಕ್ಕೂ ಅದು ಬೇಕು. ಕೆಲವು ತಿಂಗಳಲ್ಲಿ ಕಲ್ಲಿನ ಮೇಲೆ ನೇರಳೆ ಚುಕ್ಕೆಗಳು ಕಂಡರೆ ಖುಷಿಪಡಿ. ಅದು ಕೊರಲೈನ್ ಪಾಚಿ, ಟ್ಯಾಂಕ್ ಹದಕ್ಕೆ ಬರುತ್ತಿರುವ ಗುರುತು.

## ಮೀನು ಮತ್ತು ಬೇರೆ ಕೂರಿಸುವ ತೊಟ್ಟಿ

150 ಲೀಟರಿಗೆ ನಾಲ್ಕೈದು ಸಣ್ಣ ಮೀನು ಸಾಕು. ಒಂದು ಜೋಡಿ ಒಸೆಲ್ಲಾರಿಸ್ ಕ್ಲೌನ್, ಒಂದು ಗೋಬಿ, ಒಂದು ರಾಯಲ್ ಗ್ರಾಮ, ಒಂದು ಫೈರ್‌ಫಿಶ್. ಫೈರ್‌ಫಿಶ್ ಹೆದರಿದರೆ ಹೊರಗೇ ಹಾರುತ್ತದೆ, ಮೇಲೆ ಬಲೆ ಮುಚ್ಚಿ. ಕ್ಲೌನ್‌ಗಳನ್ನು ಸಾಕಣೆಯಲ್ಲೇ ಮರಿ ಮಾಡಿಸುತ್ತಾರೆ, ಅಂಥವನ್ನೇ ಕೇಳಿ. ಎರಡು ಮರಿ ತಂದರೆ ಗಂಡು ಹೆಣ್ಣು ಹುಡುಕುವ ಕಷ್ಟವಿಲ್ಲ. ಜೋರು ಇರುವುದು ದೊಡ್ಡದಾಗಿ ಹೆಣ್ಣಾಗುತ್ತದೆ, ಇನ್ನೊಂದು ಗಂಡಾಗಿ ಉಳಿಯುತ್ತದೆ. ಅವಕ್ಕೆ ಅನಿಮೋನಿ ಇರಲೇಬೇಕು ಅಂತಿಲ್ಲ. ಮೊದಲ ವರ್ಷ ಅನಿಮೋನಿ ತರದಿರುವುದೇ ಒಳ್ಳೆಯದು. ಅದು ಜಾಗ ಹಿಡಿಸದೆ ಅಲೆದಾಡಿ ಪಂಪ್‌ಗೆ ಸಿಕ್ಕಿ ಚೂರಾದರೆ ಇಡೀ ನೀರು ಕೆಡುತ್ತದೆ. ಮ್ಯಾಂಡರಿನ್ ಮೀನು ನೋಡಲು ದೇವಲೋಕ. ಆದರೆ ಅದರ ಮುಖ್ಯ ಊಟ ಕಲ್ಲಿನ ಮೇಲಿನ ಜೀವಂತ ಸಣ್ಣ ಕೋಪೆಪಾಡ್‌ಗಳು. ಹೊಸ ಟ್ಯಾಂಕ್‌ನಲ್ಲಿ ಹಸಿದು ಸಾಯುತ್ತದೆ. ಟ್ಯಾಂಗ್ ಮೀನುಗಳಿಗೆ ಈ ಅಳತೆ ಜೈಲು.

ತಂದ ಮೀನನ್ನು ನೇರವಾಗಿ ಬಿಡಬೇಡಿ. 50 ಲೀಟರಿನ ಬರಿ ಟ್ಯಾಂಕ್, ಸ್ಪಂಜ್ ಫಿಲ್ಟರ್, ಹೀಟರ್, ಅಡಗಲು ಒಂದೆರಡು ಪಿವಿಸಿ ಪೈಪ್ ತುಂಡು. ಅಲ್ಲಿ ಕನಿಷ್ಠ ನಾಲ್ಕು ವಾರ ಇಡಿ. ಕಾರಣ ಬಿಳಿ ಚುಕ್ಕೆ ರೋಗ. ಇದರ ಪರೋಪಜೀವಿ ಮೀನಿನ ಮೇಲೆ ಕೆಲವು ದಿನ ಇದ್ದು ಉದುರುತ್ತದೆ. ಚುಕ್ಕೆ ಮಾಯವಾದಾಗ ವಾಸಿ ಆಯಿತು ಅಂದುಕೊಳ್ಳುತ್ತೇವೆ. ಅದು ಮರಳಿನಲ್ಲಿ ಗೂಡು ಕಟ್ಟಿ ನೂರಾರು ಮರಿ ಮಾಡಿ ವಾಪಸ್ ಬರುತ್ತದೆ. ತಾಮ್ರದ ಔಷಧಿ ಅದನ್ನು ಕೊಲ್ಲುತ್ತದೆ, ಆದರೆ ಹವಳ, ಸಿಗಡಿಗಳನ್ನೂ ಕೊಲ್ಲುತ್ತದೆ. ಹಾಗಾಗಿ ತಾಮ್ರ ಬೇರೆ ತೊಟ್ಟಿಯಲ್ಲಿ ಮಾತ್ರ, ತಾಮ್ರದ ಟೆಸ್ಟ್ ಕಿಟ್ ಕೈಯಲ್ಲಿ ಹಿಡಿದು. ಒಮ್ಮೆ ರೋಗ ಮುಖ್ಯ ಟ್ಯಾಂಕಿಗೆ ಹೊಕ್ಕರೆ ಎಲ್ಲ ಮೀನು ಹೊರಗೆ ತೆಗೆದು 76 ದಿನ ಖಾಲಿ ಬಿಡುವುದು ರೂಢಿ. ನಾಲ್ಕು ವಾರ ಕಾಯುವುದು ಅದಕ್ಕಿಂತ ಸುಲಭ ಅಲ್ವಾ?

ಚೀಲದಿಂದ ಬಿಡುವಾಗ ಒಂದು ಸೂಕ್ಷ್ಮ. ದೂರದಿಂದ ಬಂದ ಚೀಲದಲ್ಲಿ ಅಮೋನಿಯಾ ಸೇರಿರುತ್ತದೆ. ಕಾರ್ಬನ್ ಡೈಆಕ್ಸೈಡ್‌ನಿಂದ ಪಿಎಚ್ ಇಳಿದಿರುವುದರಿಂದ ಅದು ಅಷ್ಟು ಕಾಡುವುದಿಲ್ಲ. ಚೀಲ ಬಿಚ್ಚಿದ ಕೂಡಲೇ ಗಾಳಿ ಆಡಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಆದ್ದರಿಂದ ಮುಚ್ಚಿದ ಚೀಲವನ್ನೇ 20 ನಿಮಿಷ ತೇಲಿಬಿಡಿ. ಬಿಚ್ಚಿದ ಮೇಲೆ ಗಂಟೆಗಟ್ಟಲೆ ಹನಿ ಹನಿ ಹಾಕುತ್ತಾ ಕೂರಬೇಡಿ. ಚೀಲದ ಉಪ್ಪಿನಂಶ ಎಷ್ಟು ಅಂತ ಮೊದಲೇ ಕೇಳಿ, ಬೇರೆ ತೊಟ್ಟಿಯ ನೀರನ್ನು ಅದಕ್ಕೆ ಹೊಂದಿಸಿಟ್ಟುಕೊಂಡರೆ ಕೆಲಸ ಸಲೀಸು. ಚೀಲದ ನೀರು ಟ್ಯಾಂಕಿಗೆ ಹೋಗಬಾರದು.

## ಮೊದಲ ಹವಳ

ಮೂರನೇ ತಿಂಗಳ ಹೊತ್ತಿಗೆ ಮೆತ್ತನೆಯ ಹವಳದಿಂದ ಶುರು ಮಾಡಿ. ಮಶ್ರೂಮ್, ಜೋವಾಂಥಿಡ್, ಲೆದರ್. ಇವು ಸಣ್ಣಪುಟ್ಟ ತಪ್ಪನ್ನು ಕ್ಷಮಿಸುತ್ತವೆ. ಗ್ರೀನ್ ಸ್ಟಾರ್ ಪಾಲಿಪ್ ಹುಲ್ಲಿನಂತೆ ಎಲ್ಲ ಕಲ್ಲನ್ನೂ ಆವರಿಸುತ್ತದೆ. ಅದಕ್ಕೆ ಒಂದು ಒಂಟಿ ಕಲ್ಲು ಕೊಟ್ಟು ದೂರ ಇಡಿ. ಆಮೇಲೆ ಡಂಕನ್, ಕ್ಯಾಂಡಿ ಕೇನ್, ಹ್ಯಾಮರ್. ಅಕ್ರೊಪೋರ ಒಂದು ವರ್ಷ ಆದ ಮೇಲೆ.

ಕಲ್ಲು ಹವಳಗಳೆಲ್ಲ ಸೈಟಿಸ್, ಅಂದರೆ ಅಪಾಯದಲ್ಲಿರುವ ಕಾಡುಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. ದೇಶದಿಂದ ದೇಶಕ್ಕೆ ಕಾಗದಪತ್ರ ಇಲ್ಲದೆ ಸಾಗುವಂತಿಲ್ಲ. ನಿಮ್ಮ ದೇಶದ ಕಾನೂನು ಏನು ಹೇಳುತ್ತದೆ ಅಂತ ಕೊಳ್ಳುವ ಮೊದಲೇ ನೋಡಿಕೊಳ್ಳಿ. ತೊಟ್ಟಿಯಲ್ಲೇ ಬೆಳೆಸಿ ಕತ್ತರಿಸಿದ ತುಂಡುಗಳು, ಅಂದರೆ ಫ್ರ್ಯಾಗ್‌ಗಳು, ಎಲ್ಲ ರೀತಿಯಲ್ಲೂ ಮೇಲು. ಅವು ಆಗಲೇ ತೊಟ್ಟಿಯ ಬದುಕಿಗೆ ಒಗ್ಗಿರುತ್ತವೆ.

ತಂದ ಫ್ರ್ಯಾಗನ್ನು ಕೋರಲ್ ಡಿಪ್ ಎಂಬ, ಹುಳು ಬಿಡಿಸುವ ದ್ರಾವಣದಲ್ಲಿ ಅದ್ದಿ, ಮೆಲ್ಲಗೆ ಅಲುಗಾಡಿಸಿ, ಬಿದ್ದ ಹುಳುಗಳನ್ನು ನೋಡಿ. ಅದನ್ನು ಅಂಟಿಸಿರುವ ಕೆಳಗಿನ ಬಿಲ್ಲೆಯನ್ನು (ಪ್ಲಗ್) ಕಿತ್ತು ಎಸೆಯುವುದು ಇನ್ನೂ ಒಳ್ಳೆಯದು, ಮೊಟ್ಟೆಗಳು ಅಡಗುವುದು ಅಲ್ಲೇ. ಮೊದಲು ಮರಳಿನ ಮಟ್ಟದಲ್ಲಿ, ಕಡಿಮೆ ಬೆಳಕಿನಲ್ಲಿ ಇಡಿ. ಎರಡು ವಾರದಲ್ಲಿ ಮೆಲ್ಲಗೆ ಮೇಲಕ್ಕೆ ತನ್ನಿ. ಒಮ್ಮೆಲೇ ಬೆಳಕಿಗೆ ಹಿಡಿದರೆ ಮೈಯೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಹವಳ ಹವಳಗಳ ನಡುವೆ ಅಂತರ ಬಿಡಿ. ರಾತ್ರಿ ಕೆಲವು ಉದ್ದ ಎಳೆ ಚಾಚಿ ಪಕ್ಕದವರನ್ನು ಕುಟುಕುತ್ತವೆ. ಗ್ಯಾಲಾಕ್ಸಿಯಾ ಹವಳದ ಎಳೆ ಗೇಣುದ್ದ ಹೋದದ್ದನ್ನು ನಾನು ಟಾರ್ಚ್ ಹಿಡಿದು ನೋಡಿದ್ದೇನೆ.

## ಯಾವ ಸಂಖ್ಯೆಯ ಹಿಂದೆ ಓಡಬೇಕು

ಬಿಸಿ 25ರಿಂದ 26 ಡಿಗ್ರಿ. ಪಿಎಚ್ 7.8ರಿಂದ 8.4. ಕ್ಷಾರತೆ, ಅಂದರೆ ಆಲ್ಕಲಿನಿಟಿ, 8ರಿಂದ 9 ಡಿಕೆಎಚ್ (ಅದನ್ನು ಅಳೆಯುವ ಮಾನ). ಕ್ಯಾಲ್ಸಿಯಂ 400ರಿಂದ 450 ಪಿಪಿಎಂ. ಮೆಗ್ನೀಸಿಯಂ 1250ರಿಂದ 1350 ಪಿಪಿಎಂ.

ಇದರಲ್ಲಿ ಒಂದನ್ನೇ ನೋಡಲು ಪುರುಸೊತ್ತು ಇದ್ದರೆ ಆಲ್ಕಲಿನಿಟಿ ನೋಡಿ. ಹವಳ ತನ್ನ ಮೂಳೆ ಕಟ್ಟಲು ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಎರಡನ್ನೂ ಹೀರುತ್ತದೆ. 1 ಡಿಕೆಎಚ್ ಇಳಿದರೆ ಕ್ಯಾಲ್ಸಿಯಂ ಸುಮಾರು 7 ಪಿಪಿಎಂ ಇಳಿಯುತ್ತದೆ. ಕ್ಯಾಲ್ಸಿಯಂ 420ರಿಂದ 413 ಆದದ್ದು ಟೆಸ್ಟ್ ಕಿಟ್‌ಗೂ ಗೊತ್ತಾಗದು. ಆದರೆ ಆಲ್ಕಲಿನಿಟಿ 8ರಿಂದ 7 ಆದರೆ ಎಂಟರಲ್ಲಿ ಒಂದು ಪಾಲೇ ಹೋಯಿತು. ಹವಳ ಮೊದಲು ನೋಯುವುದೂ ಇದರ ಏರಿಳಿತಕ್ಕೇ. ದಿನವೂ 7.5ರಲ್ಲಿ ನಿಂತ ಟ್ಯಾಂಕ್ ಚೆನ್ನಾಗಿರುತ್ತದೆ. ಸೋಮವಾರ 7, ಗುರುವಾರ 10 ಅಂದರೆ ಅಕ್ರೊಪೋರದ ತುದಿ ಸುಟ್ಟಂತೆ ಬೆಳ್ಳಗಾಗುತ್ತದೆ.

ಬರೀ ಮೆತ್ತನೆಯ ಹವಳ ಇದ್ದರೆ ನೀರು ಬದಲಿಸುವುದೇ ಸಾಕು. ಕಲ್ಲು ಹವಳ ಜಾಸ್ತಿಯಾದಾಗ ಟೂ ಪಾರ್ಟ್ ಡೋಸಿಂಗ್ ಬೇಕಾಗುತ್ತದೆ. ಒಂದು ಬಾಟಲಿ ಕ್ಯಾಲ್ಸಿಯಂ, ಇನ್ನೊಂದು ಕಾರ್ಬೊನೇಟ್. ಎರಡನ್ನೂ ಒಟ್ಟಿಗೆ ಒಂದೇ ಜಾಗದಲ್ಲಿ ಸುರಿದರೆ ಹಿಮ ಬಿದ್ದಂತೆ ಪುಡಿ ಉದುರುತ್ತದೆ. ಬೇರೆ ಬೇರೆ ಹೊತ್ತಿನಲ್ಲಿ ಹಾಕಿ. ಎಷ್ಟು ಹಾಕಬೇಕು ಅಂತ ತಿಳಿಯಲು ಮೂರು ದಿನ ಏನೂ ಹಾಕದೆ ಒಂದೇ ಹೊತ್ತಿಗೆ ಅಳೆಯಿರಿ. ದಿನಕ್ಕೆ ಎಷ್ಟು ಇಳಿಯಿತೋ ಅಷ್ಟೇ ನಿಮ್ಮ ಡೋಸ್. ಇಳಿದುಹೋದದ್ದನ್ನು ಮೇಲೆ ತರುವಾಗ ದಿನಕ್ಕೆ 1 ಡಿಕೆಎಚ್ ದಾಟಬೇಡಿ.

ಪಿಎಚ್ ಕಡಿಮೆ ಅಂತ ಅದನ್ನು ಏರಿಸುವ ಬಫರ್ ಪುಡಿ ಸುರಿಯುವ ಮೊದಲು ಕಿಟಕಿ ತೆರೆಯಿರಿ. ಮುಚ್ಚಿದ ಕೋಣೆಯಲ್ಲಿ ನಾಲ್ಕು ಜನ ಉಸಿರಾಡಿದರೆ ಆ ಕಾರ್ಬನ್ ಡೈಆಕ್ಸೈಡ್ ನೀರಿಗೂ ಇಳಿಯುತ್ತದೆ.

## ದಿನದ, ವಾರದ ಕೆಲಸ

ದಿನಾ ಐದು ನಿಮಿಷ. ಥರ್ಮಾಮೀಟರ್ ನೋಡಿ, ಮೀನುಗಳನ್ನು ಎಣಿಸಿ, ಟಾಪ್ ಆಫ್ ಡಬ್ಬಿಯಲ್ಲಿ ಸಿಹಿನೀರು ಇದೆಯಾ ನೋಡಿ. ಊಟ ಸ್ವಲ್ಪ ಸ್ವಲ್ಪ, ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು. ಹೆಪ್ಪುಗಟ್ಟಿದ ಮೈಸಿಸ್ (ಸಿಗಡಿಯಂಥ ಸಣ್ಣ ಜೀವಿ) ಆದರೆ ಕರಗಿಸಿ ಸೋಸಿ ಹಾಕಿ, ಆ ರಸ ಬೇಡ.

ವಾರಕ್ಕೊಮ್ಮೆ ಶೇಕಡ 10 ನೀರು ಬದಲಿಸಿ. ಹೊಸ ನೀರಿನ ಬಿಸಿ ಮತ್ತು ಉಪ್ಪು ಟ್ಯಾಂಕ್‌ನಷ್ಟೇ ಇರಲಿ. ಗಾಜು ಉಜ್ಜುವಾಗ ಮ್ಯಾಗ್ನೆಟ್‌ಗೆ ಒಂದು ಮರಳಿನ ಕಾಳು ಸಿಕ್ಕಿದರೂ ಗಾಜಿನ ಮೇಲೆ ಶಾಶ್ವತ ಗೀರು. ಸ್ಕಿಮ್ಮರ್ ಬಟ್ಟಲು ತೊಳೆಯಿರಿ. ಉಪ್ಪು, ಆಲ್ಕಲಿನಿಟಿ, ನೈಟ್ರೇಟ್, ಫಾಸ್ಫೇಟ್ ಅಳೆದು ನೋಟ್‌ಬುಕ್‌ನಲ್ಲಿ ಬರೆಯಿರಿ. ಎರಡು ಮೂರು ತಿಂಗಳಿಗೊಮ್ಮೆ ಪಂಪ್‌ಗಳನ್ನು ಸಿಟ್ರಿಕ್ ಆಸಿಡ್ ನೀರಿನಲ್ಲಿ ನೆನೆಸಿ ಸುಣ್ಣ ಬಿಡಿಸಿ.

ಗಾಜಿನ ಅನಿಮೋನಿ, ಅಂದರೆ ಐಪ್ಟೇಸಿಯಾ, ಕಂಡರೆ ಕತ್ತರಿಸಬೇಡಿ. ಒಂದು ತುಂಡು ಉಳಿದರೂ ಹೊಸದು ಹುಟ್ಟುತ್ತದೆ. ಸಿರಿಂಜ್‌ನಲ್ಲಿ ಸುಣ್ಣದ ಪೇಸ್ಟ್ ತುಂಬಿ ಬಾಯಿಗೆ ಬಿಡಿ, ಇಲ್ಲವೇ ಪೆಪರ್‌ಮಿಂಟ್ ಸಿಗಡಿ ತನ್ನಿ.

## ಕರೆಂಟ್ ಹೋದಾಗ, ಮತ್ತು ಕೈಗವಸಿನ ಮಾತು

ಕರೆಂಟ್ ಹೋದಾಗ ಮೊದಲು ಮುಗಿಯುವುದು ಆಮ್ಲಜನಕ. ಬೆಳಕಿಲ್ಲದೆ ಹವಳ ಎರಡು ದಿನ ಇರುತ್ತದೆ. ನೀರು ಅಲುಗದಿದ್ದರೆ ಮೀನು ಕೆಲವೇ ಗಂಟೆಗಳಲ್ಲಿ ಮೇಲೆ ಬಂದು ಬಾಯಿ ಬಿಡುತ್ತವೆ. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿ ಇರಲಿ. ಇನ್ವರ್ಟರ್ ಇದ್ದರೆ ಒಂದು ವೇವ್‌ಮೇಕರನ್ನು ಮಾತ್ರ ಅದಕ್ಕೆ ಜೋಡಿಸಿ. ಆ ಹೊತ್ತಿನಲ್ಲಿ ಊಟ ಹಾಕಬೇಡಿ.

ಇನ್ನು ಜೋವಾಂಥಿಡ್ ಬಗ್ಗೆ. ಇವುಗಳಲ್ಲಿ, ಅದರಲ್ಲೂ ಪಾಲಿಥೋವ ಜಾತಿಗಳಲ್ಲಿ, ಪಾಲಿಟಾಕ್ಸಿನ್ ಎಂಬ ಭಾರಿ ವಿಷ ಇರಬಹುದು. ಟ್ಯಾಂಕ್‌ನಲ್ಲಿ ಸುಮ್ಮನೆ ಅರಳಿ ನಿಂತಾಗ ತೊಂದರೆಯಿಲ್ಲ. ಕತ್ತರಿಸುವಾಗ ರಸ ಕಣ್ಣಿಗೆ ಹಾರಿದರೆ, ಕೈಯ ಗಾಯಕ್ಕೆ ತಾಗಿದರೆ ಅಪಾಯ. ಎಲ್ಲಕ್ಕಿಂತ ಕೆಟ್ಟದ್ದು ಇಂಥ ಕಲ್ಲನ್ನು ಶುದ್ಧ ಮಾಡಲೆಂದು ಬಿಸಿನೀರು ಸುರಿದು ಉಜ್ಜುವುದು ಅಥವಾ ಕುದಿಸುವುದು. ಆವಿಯ ಜೊತೆ ವಿಷ ಗಾಳಿಗೆ ಸೇರಿ ಇಡೀ ಮನೆಯವರು ಆಸ್ಪತ್ರೆ ಸೇರಿದ ಘಟನೆಗಳು ನಡೆದಿವೆ. ಟ್ಯಾಂಕ್ ಕಲ್ಲನ್ನು ಯಾವ ಕಾರಣಕ್ಕೂ ಕುದಿಸಬೇಡಿ. ಕೈಗವಸು, ಕನ್ನಡಕ ಹಾಕದೆ ಫ್ರ್ಯಾಗ್ ಮಾಡಬೇಡಿ. ಮುಟ್ಟಿದ ಮೇಲೆ ಜ್ವರ, ಎದೆ ಬಿಗಿತ, ಬಾಯಲ್ಲಿ ಲೋಹದ ರುಚಿ ಬಂದರೆ ತಡಮಾಡದೆ ವೈದ್ಯರ ಬಳಿ ಹೋಗಿ, ಪಾಲಿಟಾಕ್ಸಿನ್ ಅನ್ನುವ ಹೆಸರನ್ನು ನೀವೇ ಹೇಳಿ. ಹೆಚ್ಚಿನ ಕಡೆ ಅದು ಅವರಿಗೆ ದಿನಾ ಕಾಣುವ ಕೇಸ್ ಅಲ್ಲ.

ಕೈಗೆ ಗಾಯ ಇದ್ದ ದಿನ ಟ್ಯಾಂಕಿಗೆ ಕೈ ಹಾಕದಿರುವುದೇ ಒಳ್ಳೆಯದು. ಕೆಲಸ ಮುಗಿದ ಮೇಲೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆಯಿರಿ. ಕೈ ಹಾಕುವ ಮೊದಲು ಮಾತ್ರ ಸೋಪು, ಕ್ರೀಮ್ ಏನೂ ಇರದಂತೆ ಬರೀ ನೀರಿನಲ್ಲಿ ಚೆನ್ನಾಗಿ ತೊಳೆದುಕೊಳ್ಳಿ.